ಮಲಗಿದ ಕಂಪ್ಯೂಟರನ್ನು ಎಬ್ಬಿಸಲು ಶಿಫ್ಟ್ ಕೀ ಸಾಕು

ಮಾನ್ಯ ಸಂಪಾದಕರೇ,

ಊಟಕ್ಕೆ ಏಳುವಾಗ ಕಂಪ್ಯೂಟರನ್ನು ಪೂರ್ತಿ ಬಂದ್ ಮಾಡಿಯೇ ಹೋಗಬೇಕು, ಸ್ಲೀಪ್‌ನಲ್ಲಿ (ತೆರೆದ ಕೆಲಸ ಹಾಗೆಯೇ ಇದ್ದು ಯಂತ್ರ ಮಾತ್ರ ಮಲಗಿರುವ ಸ್ಥಿತಿಯಲ್ಲಿ) ಬಿಟ್ಟು ಹೋಗುವುದು ಸೋಮಾರಿಗಳ ಲಕ್ಷಣ ಎಂದು ಕಳೆದ ವಾರ ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಒಬ್ಬರು ಬರೆದಿದ್ದರು. ವಿದ್ಯುತ್ ಉಳಿಯಬೇಕೆಂಬ ಅವರ ಕಳಕಳಿಯ ಬಗ್ಗೆ ನನಗೆ ಗೌರವವಿದೆ. ಆದರೆ ಸ್ಲೀಪ್‌ನಲ್ಲಿರುವ ಕಂಪ್ಯೂಟರ್ ಎಳೆಯುವ ಕರೆಂಟು ಒಂದೆರಡು ವ್ಯಾಟ್, ಹೆಚ್ಚೆಂದರೆ ನಾಲ್ಕೈದು. ಅರ್ಧ ಗಂಟೆಯ ಊಟಕ್ಕೆಂದು ಅದನ್ನು ಆರಿಸಿ, ಬಂದು ಮತ್ತೆ ಆನ್ ಮಾಡಿ, ಬಿಟ್ಟುಹೋದ ಕಡತಗಳನ್ನೆಲ್ಲ ಒಂದೊಂದಾಗಿ ತೆರೆದುಕೊಂಡು ಕೂರುವುದಕ್ಕಿಂತ ಮಲಗಿಸಿ ಹೋಗುವುದೇ ಮೇಲು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇದೇ ಕಸುಬಿನಲ್ಲಿರುವ ನನಗೆ ಕಂಡಿರುವ ತೊಂದರೆ ಬೇರೆ. ಮಲಗಿಸುವಾಗ ಯಾರೂ ತಪ್ಪು ಮಾಡುವುದಿಲ್ಲ, ಅದು ತಾನಾಗಿಯೇ ಮಲಗುತ್ತದೆ. ತಪ್ಪಾಗುವುದು ಎಬ್ಬಿಸುವಾಗ. ಎಬ್ಬಿಸುವುದು ಹೇಗೆಂದು ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ. ಅದಕ್ಕಾಗಿ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಆದರೂ ಪೂರ್ತಿಯಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ.

ತಿಪಟೂರಿನ ಬಿ.ಎಚ್. ರಸ್ತೆಗೆ ಹೊಂದಿಕೊಂಡಂತೆ ನನ್ನದೊಂದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇದೆ. 2001ರಲ್ಲಿ ತೆರೆದದ್ದು. ಲಗ್ನಪತ್ರಿಕೆ, ಗೃಹಪ್ರವೇಶದ ಆಹ್ವಾನ, ಶಿವಗಣಾರಾಧನೆಯ ಕಾರ್ಡು, ಬಾಡಿಗೆ ಕರಾರು, ಕೊಬ್ಬರಿ ವರ್ತಕರ ಬಿಲ್ ಪುಸ್ತಕ, ಸಂಘಗಳ ವಾರ್ಷಿಕ ವರದಿ, ಈಚೆಗೆ ಆನ್‌ಲೈನ್ ಅರ್ಜಿ, ಎಲ್ಲವನ್ನೂ ಮಾಡಿಕೊಡುತ್ತೇನೆ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ, ಸಹಾಯಕ್ಕೆ ಒಬ್ಬ ಹುಡುಗ. ಒಂದು ಕಂಪ್ಯೂಟರ್ ನನ್ನದು. ಇನ್ನೊಂದು ಬಾಗಿಲ ಕಡೆಗಿದೆ, ಪೆನ್‌ಡ್ರೈವ್ ತಂದ ಗಿರಾಕಿಗಳು ಅದರಲ್ಲಿ ತಾವೇ ಕೂತು ತಿದ್ದಿಕೊಳ್ಳುತ್ತಾರೆ. ಹೀಗಾಗಿ ಮಲಗಿದ ಕಂಪ್ಯೂಟರನ್ನು ಯಾರು ಹೇಗೆ ಮುಟ್ಟುತ್ತಾರೆ ಎಂಬುದನ್ನು ನಾನು ಪ್ರತಿದಿನ ಹತ್ತಾರು ಸಲ ನೋಡುತ್ತೇನೆ.

ಮೊದಲು ನನ್ನ ರೂಢಿಯನ್ನು ಹೇಳಿಬಿಡುತ್ತೇನೆ. ಮಧ್ಯಾಹ್ನ ಎರಡೂಕಾಲಕ್ಕೆ ಊಟ ಮುಗಿಸಿ ಬರುತ್ತೇನೆ. ಕೂರುತ್ತೇನೆ. ಕೂತ ತಕ್ಷಣ ಏನನ್ನೂ ಮುಟ್ಟುವುದಿಲ್ಲ, ಎರಡು ದೀಪಗಳನ್ನು ನೋಡುತ್ತೇನೆ. ಒಂದು ಮೇಜಿನ ಕೆಳಗಿನ ಡಬ್ಬಿಯದು, ಅಂದರೆ ಎಲ್ಲರೂ ಸಿಪಿಯು ಎನ್ನುವುದರದು, ಇನ್ನೊಂದು ಪರದೆಯ ಅಂಚಿನದು. ನನ್ನ ಡಬ್ಬಿಯ ದೀಪ ಉಸಿರಾಡಿದ ಹಾಗೆ ನಿಧಾನವಾಗಿ ಹೊತ್ತಿ ಆರುತ್ತಿದ್ದರೆ ಅದು ಮಲಗಿದೆ ಎಂದು ಅರ್ಥ. ಅದು ಕದಲದೆ ಉರಿಯುತ್ತಿದ್ದು ಪರದೆಯ ದೀಪ ಮಾತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಕಂಪ್ಯೂಟರ್ ಎಚ್ಚರವಾಗಿಯೇ ಇದೆ, ಪರದೆಯೊಂದು ಕಣ್ಣು ಮುಚ್ಚಿದೆ. ಎರಡೂ ಇಲ್ಲದಿದ್ದರೆ ಕರೆಂಟಿನ ಕಡೆ ನೋಡಬೇಕು, ಯುಪಿಎಸ್ ಏನು ಹೇಳುತ್ತಿದೆ ಎಂದು ಕೇಳಬೇಕು.

ದೀಪ ನೋಡಿಯಾದ ಮೇಲೆ ಎಡಗೈ ಕಿರುಬೆರಳಿನಿಂದ ಎಡಗಡೆಯ ಶಿಫ್ಟ್ ಕೀಯನ್ನು ಒಂದು ಸಲ ಒತ್ತುತ್ತೇನೆ. ಒಂದೇ ಸಲ. ಒತ್ತಿ ಕೈಯನ್ನು ಮಡಿಲಿಗೆ ತೆಗೆದುಕೊಂಡುಬಿಡುತ್ತೇನೆ. ಒಳಗೆ ಫ್ಯಾನು ಗುಂಯ್ ಎಂದು ಏಳುತ್ತದೆ, ಪರದೆಯ ದೀಪ ನೀಲಿಯಾಗುತ್ತದೆ, ಇನ್ನೂ ಎರಡು ಮೂರು ಸೆಕೆಂಡು ಕಪ್ಪಾಗಿಯೇ ಇರುತ್ತದೆ. ಆ ಹೊತ್ತಿನಲ್ಲಿ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತೇನೆ. ಚಿತ್ರ ಮೂಡಿದ ಮೇಲೆ ಮೇಲಿನ ಸಾಲಿನಲ್ಲಿರುವ ಕಡತದ ಹೆಸರನ್ನು ಓದುತ್ತೇನೆ, ನಾನು ಬಿಟ್ಟುಹೋದ ಕೊನೆಯ ಸಾಲನ್ನು ಓದುತ್ತೇನೆ, ಮಿನುಗುವ ಗೀಟು ಎಲ್ಲಿ ನಿಂತಿದೆ ಎಂದು ಹುಡುಕುತ್ತೇನೆ. ಸಿಕ್ಕಿದ ಕೂಡಲೇ ಕಂಟ್ರೋಲ್ ಹಿಡಿದು ಎಸ್ ಒತ್ತಿ ಸೇವ್ ಮಾಡುತ್ತೇನೆ. ಆಮೇಲೆ ಒಂದು 'ಅ' ಟೈಪ್ ಮಾಡಿ ನೋಡಿ ಅಳಿಸುತ್ತೇನೆ. ನಾನು ಬಳಸುವುದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ. ಅದರಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ದಾಟಿಸುವುದು ಸ್ಕ್ರಾಲ್ ಲಾಕ್ ಕೀ. ಕನ್ನಡದಲ್ಲಿದ್ದರೆ 'ಅ' ಬೀಳುತ್ತದೆ, ಇಲ್ಲದಿದ್ದರೆ ಇಂಗ್ಲಿಷಿನ 'ಎ' ಬೀಳುತ್ತದೆ. ಇಷ್ಟಾದ ಮೇಲೆಯೇ ಕೆಲಸ. ಬರೆಯುವುದಕ್ಕೆ ಇಷ್ಟು ಹೊತ್ತು ಬೇಕಾಯಿತು, ಮಾಡುವುದಕ್ಕೆ ಹದಿನೈದು ಸೆಕೆಂಡೂ ಬೇಡ.

ಒಂದೇ ಸಲ ಎಂದು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ವಿಂಡೋಸ್‌ನಲ್ಲಿ ಶಿಫ್ಟ್ ಕೀಯನ್ನು ಐದು ಸಲ ಒತ್ತಿದರೆ ಸ್ಟಿಕಿ ಕೀಸ್ (ಶಿಫ್ಟಿನಂಥ ಕೀಯನ್ನು ಒತ್ತಿ ಬಿಟ್ಟರೂ ಮುಂದಿನ ಕೀ ಒತ್ತುವ ತನಕ ಹಿಡಿದಂತೆಯೇ ಇರುವ ಏರ್ಪಾಡು) ಬೇಕೇ ಎಂದು ಕೇಳುತ್ತದೆ. ಬಲಗಡೆಯ ಶಿಫ್ಟನ್ನು ಎಂಟು ಸೆಕೆಂಡು ಒತ್ತಿ ಹಿಡಿದರೆ ಫಿಲ್ಟರ್ ಕೀಸ್ (ತೀರಾ ಚುಟುಕಾದ ಅಥವಾ ಮರುಕಳಿಸುವ ಒತ್ತುಗಳನ್ನು ಲೆಕ್ಕಿಸದಿರುವ ಏರ್ಪಾಡು) ಬೇಕೇ ಎಂದು ಕೇಳುತ್ತದೆ. ಬೆರಳು ನಡುಗುವವರಿಗೆ, ಒಂದೇ ಕೈಯಲ್ಲಿ ಟೈಪ್ ಮಾಡುವವರಿಗೆ ಅವು ನಿಜವಾಗಿಯೂ ದೊಡ್ಡ ಅನುಕೂಲಗಳು. ಗೊತ್ತಿಲ್ಲದೆ ಹೌದು ಎಂದವರಿಗೆ ಮಾತ್ರ ಕೀಬೋರ್ಡೇ ಕೆಟ್ಟುಹೋಯಿತೆಂಬ ಗಾಬರಿ.

ಇಷ್ಟೊಂದು ಕೀಗಳಿರುವಾಗ ಶಿಫ್ಟೇ ಏಕೆ ಎಂದು ಕೇಳಬಹುದು. ಈ ರೂಢಿ ನನಗೆ ಕಂಪ್ಯೂಟರಿನಿಂದ ಬಂದದ್ದಲ್ಲ. 1994ರಲ್ಲಿ ನಾನು ಕನ್ನಡ ಟೈಪಿಂಗ್ ಜೂನಿಯರ್‌ಗೆ ಸೇರಿದಾಗ ನಮಗೆ ಕಲಿಸುತ್ತಿದ್ದ ಟೀಚರಮ್ಮನ ಪದ್ಧತಿಯೊಂದಿತ್ತು. ಯಂತ್ರದ ಮೇಲಿನ ಹೊದಿಕೆ ತೆಗೆದು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಡಬೇಕು. ಕಾಗದ ಏರಿಸುವ ಮೊದಲು ಶಿಫ್ಟನ್ನು ಒಂದು ಸಲ ಪೂರ್ತಿ ಒತ್ತಿ ಬಿಡಬೇಕು. ಒಳಗಿನ ಭಾಗ ತೂಕವಾಗಿ ಮೇಲೆದ್ದು ಧಡ್ ಎಂದು ತನ್ನ ಜಾಗಕ್ಕೆ ಕೂತರೆ ಯಂತ್ರ ಸರಿಯಾಗಿದೆ. ಅರ್ಧದಲ್ಲಿ ಸಿಕ್ಕಿಕೊಂಡರೆ ಎಣ್ಣೆ ಬೇಕು. 'ಕಾಗದಕ್ಕೆ ಏನೂ ಮಾಡದ ಕೀ ಅದು, ಮೊದಲು ಅದನ್ನೇ ಮಾತಾಡಿಸಿ' ಎನ್ನುತ್ತಿದ್ದರು. 1878ರ ರೆಮಿಂಗ್ಟನ್ ನಂಬರ್ 2 ಯಂತ್ರದಲ್ಲಿ ಶಿಫ್ಟ್ ಕೀ ಬಂದಾಗ ಅದರ ಕೆಲಸ ಹೆಸರೇ ಹೇಳುವಂತೆ ಸರಿಸುವುದು. ತಾನಾಗಿ ಒಂದು ಅಕ್ಷರವನ್ನೂ ಮೂಡಿಸದು, ಇನ್ನೊಂದು ಕೀ ಜೊತೆಗೆ ಬಂದಾಗ ಮಾತ್ರ ಅದಕ್ಕೆ ಅರ್ಥ. ಇಷ್ಟು ವರ್ಷವಾದರೂ ಅದರ ಆ ಗುಣ ಹಾಗೆಯೇ ಉಳಿದಿದೆ.

ಕನ್ನಡದವರಿಗಂತೂ ಅದು ತೀರಾ ಹತ್ತಿರದ ಕೀ. ಅನಂತಸುಬ್ಬರಾಯರು ರೂಪಿಸಿದ ಟೈಪ್‌ರೈಟರಿನ ಕೀಲಿಮಣೆಯನ್ನು ಕಲಿತ ನಮ್ಮಂಥವರು ಕಂಪ್ಯೂಟರಿಗೆ ಬಂದಾಗ ಕೆ.ಪಿ. ರಾವ್ ಅವರ ವಿನ್ಯಾಸಕ್ಕೆ ಬೆರಳನ್ನು ಹೊಸದಾಗಿ ಪಳಗಿಸಬೇಕಾಯಿತು. ಆ ವಿನ್ಯಾಸದಲ್ಲಿ 'ಕ' ಇರುವ ಕೀಯಲ್ಲೇ ಶಿಫ್ಟ್ ಹಿಡಿದರೆ 'ಖ', 'ಗ' ಇರುವಲ್ಲೇ 'ಘ'. 'ಅ' ಇರುವಲ್ಲೇ 'ಆ'. ಮಹಾಪ್ರಾಣ ಬಂದಾಗಲೆಲ್ಲ ಕಿರುಬೆರಳು ಅಲ್ಲಿಗೆ ಹೋಗಿಯೇ ಹೋಗುತ್ತದೆ. ಕತ್ತಲಲ್ಲಿ ಕೂರಿಸಿದರೂ ನನ್ನ ಬೆರಳಿಗೆ ಆ ಜಾಗ ಗೊತ್ತು.

ಉಳಿದವರು ಏನು ಮಾಡುತ್ತಾರೆ ನೋಡಿ. ನಮ್ಮ ಅಂಗಡಿಗೆ ಬರುವ ಪತ್ರ ಬರಹಗಾರರೊಬ್ಬರು ಹೆಬ್ಬೆರಳಿನಿಂದ ಸ್ಪೇಸ್ ಬಾರನ್ನು ಎರಡು ಸಲ ತಟ್ಟುತ್ತಾರೆ, ಬಾಗಿಲು ತಟ್ಟಿದ ಹಾಗೆ. ವಕೀಲರ ಗುಮಾಸ್ತರೊಬ್ಬರದು ಎಂಟರ್ ಕೀ, ಅದೂ ಜೋರಾಗಿ. ಕಾಲೇಜಿನ ಹುಡುಗಿಯರು ಮೌಸ್ ಹಿಡಿದು ಸುತ್ತಿಸುತ್ತಾರೆ. ಒಬ್ಬ ಯುವಕ ಯಾವಾಗಲೂ ಎಸ್ಕೇಪ್ ಒತ್ತುತ್ತಾನೆ, ಯಾರೋ ತಿಳಿದವರು ಅವನಿಗೆ ಹೇಳಿಕೊಟ್ಟಿರಬೇಕು. ಎಂಟರ್‌ಗಿಂತ ಅದು ಎಷ್ಟೋ ವಾಸಿ. ಬೆಂಗಳೂರಿನಲ್ಲಿರುವ ನನ್ನ ಮಗನಿಗೆ ಈ ಪ್ರಶ್ನೆಯೇ ಇಲ್ಲ, ಲ್ಯಾಪ್‌ಟಾಪಿನ ಮುಚ್ಚಳ ತೆರೆದರೆ ಅದು ಏಳುತ್ತದೆ. ಪಿಂಚಣಿಯ ಕಾಗದ ಮಾಡಿಸಲು ಬಂದಿದ್ದ ಒಬ್ಬ ಅಜ್ಜಿ, ನಾನು ಪರದೆಯನ್ನು ಎಬ್ಬಿಸುತ್ತಿದ್ದಂತೆ ಅದರ ಅಂಚನ್ನು ಮೂರು ಬೆರಳಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆಯುಧ ಪೂಜೆಯ ದಿನ ಅದಕ್ಕೆ ಕುಂಕುಮ ಹಚ್ಚಿ ಸೇವಂತಿಗೆ ಮುಡಿಸುವವರು ನಾವೇ ಅಲ್ಲವೇ? ಅವರ ಕೈ ಹೋದ ರೀತಿ ನನಗೆ ತುಂಬಾ ಸರಿಯಾಗಿ ಕಂಡಿತು.

ಸ್ಪೇಸ್ ಬಾರ್, ಎಂಟರ್ ಒತ್ತಿದರೆ ಏನಾಗುತ್ತದೆ? ನಿಜವಾಗಿ ಮಲಗಿದ ಯಂತ್ರಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮೊದಲ ಒತ್ತು ಎಬ್ಬಿಸುವುದಕ್ಕೇ ಖರ್ಚಾಗಿಹೋಗುತ್ತದೆ. ತೊಂದರೆ ಇರುವುದು ಪರದೆ ಮಾತ್ರ ಆರಿರುವಾಗ. ಆಗ ಒಳಗೆ ಕಡತ ತೆರೆದೇ ಇರುತ್ತದೆ, ನಾವು ಒತ್ತಿದ ಕೀ ನೇರವಾಗಿ ಅದಕ್ಕೆ ಹೋಗಿ ಬೀಳಬಹುದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಕಪ್ಪು. ಒಮ್ಮೆ ಲಗ್ನಪತ್ರಿಕೆಯ ಕರಡನ್ನು ತಿದ್ದುತ್ತಿದ್ದ ಗಿರಾಕಿಯೊಬ್ಬರು ಅಕ್ಷರದ ಗಾತ್ರ ಬದಲಿಸಲೆಂದು ಇಡೀ ಪುಟವನ್ನು ಆಯ್ಕೆ ಮಾಡಿಕೊಂಡಿದ್ದರು. ಅಷ್ಟರಲ್ಲಿ ಫೋನ್ ಬಂತು, ರಸ್ತೆಗೆ ಹೋಗಿ ಮಾತಾಡಿದರು. ಬರುವ ವೇಳೆಗೆ ಪರದೆ ಆರಿತ್ತು. ಸ್ಪೇಸ್ ಬಾರ್ ತಟ್ಟಿದರು. ಆಯ್ಕೆಯಾದ ಬರಹದ ಮೇಲೆ ಏನೇ ಟೈಪ್ ಮಾಡಿದರೂ ಅದು ಆ ಬರಹದ ಜಾಗಕ್ಕೆ ಬಂದು ಕೂರುತ್ತದೆ. ಪರದೆ ಬೆಳಗಿದಾಗ ವಧು, ವರ, ಮುಹೂರ್ತ, ಸುಖಾಗಮನ ಬಯಸುವವರು, ಯಾರೂ ಇಲ್ಲ, ಬರೀ ಬಿಳಿ ಹಾಳೆ. ಅವರು ಕೂಗಿದ ಕೂಗಿಗೆ ನಾನು ಎದ್ದು ಹೋಗಿ ಕಂಟ್ರೋಲ್ ಹಿಡಿದು ಜೆಡ್ ಒತ್ತಿದೆ, ಎಲ್ಲವೂ ಮರಳಿ ಬಂತು. ನಾನು ಅಲ್ಲಿಲ್ಲದಿದ್ದರೆ ಅವರು ಆ ಬಿಳಿ ಹಾಳೆಯನ್ನೇ ಸೇವ್ ಮಾಡಿ ಮುಚ್ಚಿ ಹೋಗುತ್ತಿದ್ದರು.

ಬ್ಯಾಕ್‌ಸ್ಪೇಸ್ ಒತ್ತಿ ಎಬ್ಬಿಸುವವರೂ ಇದ್ದರು. ಮೊದಲೆಲ್ಲ ಬ್ರೌಸರಿನಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದರೆ ಹಿಂದಿನ ಪುಟಕ್ಕೆ ಹೋಗಿಬಿಡುತ್ತಿತ್ತು, ಅರ್ಧ ತುಂಬಿದ ಅರ್ಜಿ ಅಲ್ಲಿಗೇ ಮುಗಿಯಿತು. ಎಷ್ಟು ಜನರ ಅರ್ಜಿ ಹಾಗೆ ಹೋಗಿತ್ತೋ, ಕ್ರೋಮ್ 2016ರಲ್ಲಿ ಆ ಪದ್ಧತಿಯನ್ನೇ ಕೈಬಿಟ್ಟಿತು.

ಇದಕ್ಕಿಂತ ಗಂಭೀರವಾದದ್ದು ಪಾಸ್‌ವರ್ಡಿನ ವಿಷಯ. ಒಂದು ಕಚೇರಿಗೆ ಕೆಲಸದ ಮೇಲೆ ಹೋಗಿದ್ದೆ, ಊರು ಮತ್ತು ಹೆಸರು ಬೇಡ. ಕೌಂಟರಿನ ಆಚೆ ಕೂತಿದ್ದವರು ಚಹಾ ಕುಡಿದು ಬಂದು ಕುರ್ಚಿಯಲ್ಲಿ ಕೂರುತ್ತಲೇ ಕಪ್ಪು ಪರದೆಯ ಎದುರು ಎರಡೂ ಕೈಯಿಂದ ಸರಸರನೆ ಏನನ್ನೋ ಟೈಪ್ ಮಾಡಿ ಎಂಟರ್ ಹೊಡೆದರು. ದಿನಕ್ಕೆ ಇಪ್ಪತ್ತು ಸಲ ಮಾಡುವ ಕೆಲಸ, ಬೆರಳು ತಾನಾಗಿ ಓಡಿತು. ಆದರೆ ಆವತ್ತು ಕಂಪ್ಯೂಟರ್ ಲಾಕ್ ಆಗಿರಲಿಲ್ಲ, ಪರದೆ ಮಾತ್ರ ಆರಿತ್ತು. ಪರದೆ ಬೆಳಗಿದಾಗ ಅವರು ಬರೆಯುತ್ತಿದ್ದ ಪತ್ರದ ನಡುವೆ ಅವರ ಪಾಸ್‌ವರ್ಡು ಒಂದು ಸಾಲಾಗಿ ದಪ್ಪ ಅಕ್ಷರದಲ್ಲಿ ಕೂತಿತ್ತು. ಪರದೆ ಜನರ ಕಡೆಗೆ ಅರ್ಧ ತಿರುಗಿತ್ತು. ನನ್ನ ಹಿಂದೆ ಇನ್ನೂ ನಾಲ್ಕು ಜನ ಸಾಲಿನಲ್ಲಿದ್ದರು. ನಾನು ಮುಖ ಆಚೆ ತಿರುಗಿಸಿಕೊಂಡೆ. ಅವರು ಅದನ್ನು ಅಳಿಸಿದ ಮೇಲೆ ಬಗ್ಗಿ ಮೆಲ್ಲಗೆ, 'ಸಾರ್, ಇವತ್ತೇ ಬದಲಾಯಿಸಿಬಿಡಿ' ಎಂದೆ. ಒಳ್ಳೆಯವರು, ತಕ್ಷಣ ಬದಲಾಯಿಸಿದರು. ಆ ಒಂದು ಪಾಸ್‌ವರ್ಡಿನ ಹಿಂದೆ ಎಷ್ಟು ರೈತರ, ಎಷ್ಟು ವಿಧವೆಯರ ಕಾಗದಪತ್ರ ಇರುತ್ತದೆ ಎಂದು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಪರದೆ ಬೆಳಗಿ, ಪಾಸ್‌ವರ್ಡ್ ಕೇಳುವ ಚೌಕ ಕಣ್ಣಿಗೆ ಕಾಣುವ ತನಕ ಒಂದಕ್ಷರವನ್ನೂ ಒತ್ತಬಾರದು. ಎದ್ದು ಹೋಗುವಾಗ ವಿಂಡೋಸ್ ಕೀ ಹಿಡಿದು ಎಲ್ ಒತ್ತಿ ಲಾಕ್ ಮಾಡಿಯೇ ಹೋಗಬೇಕು. ಇವೆರಡನ್ನೂ ರೂಢಿ ಮಾಡಿಕೊಂಡರೆ ಹೀಗಾಗುವುದಿಲ್ಲ.

ಈಗ ಹೇಳಲಿರುವುದು ನನ್ನ ಅಂಗಡಿಯಲ್ಲೇ ಆದದ್ದು. ಈ ಪತ್ರ ಬರೆಯಲು ಮೂಲ ಕಾರಣವೂ ಅದೇ.

ಸುಮಾರು ಹತ್ತು ವರ್ಷವಾಯಿತು. ನಮ್ಮ ತಾಲ್ಲೂಕಿನ ಒಂದು ಹಳ್ಳಿಯಿಂದ ನಿವೃತ್ತ ಮೇಷ್ಟ್ರು ಒಬ್ಬರು ಬರುತ್ತಿದ್ದರು. ಎಂಬತ್ತರ ಹತ್ತಿರದ ವಯಸ್ಸು. ತಮ್ಮ ಊರಿನ ಬಗ್ಗೆ ಒಂದು ಪುಟ್ಟ ಪುಸ್ತಕ ಮಾಡಿಸಿ ನೂರು ಪ್ರತಿ ಅಚ್ಚು ಹಾಕಿಸಬೇಕೆಂಬ ಆಸೆ. ಮೊಮ್ಮಕ್ಕಳಿಗೆ ಒಂದೊಂದು, ಊರ ಶಾಲೆಗೆ ಹತ್ತು. ಗೀಟೆಳೆದ ನೋಟ್ ಪುಸ್ತಕಗಳಲ್ಲಿ ಬರೆದುಕೊಂಡು ಬರುತ್ತಿದ್ದರು, ಪಕ್ಕದಲ್ಲಿ ಕೂತು ಓದುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಊರ ಕೆರೆಯ ಅಧ್ಯಾಯಕ್ಕೆ ಬಂದಾಗ ಅವರು ನೋಟ್ ಪುಸ್ತಕ ಮುಚ್ಚಿಬಿಟ್ಟರು. 'ಇದನ್ನು ನಾನು ಸರಿಯಾಗಿ ಬರೆದಿಲ್ಲಮ್ಮ, ಹೇಳುತ್ತೇನೆ, ನೀನು ಹೊಡೆದುಕೊಂಡು ಹೋಗು' ಎಂದು ಕಣ್ಣು ಮುಚ್ಚಿ ಶುರು ಮಾಡಿದರು.

ಅವರು ಒಂಬತ್ತು ವರ್ಷದ ಹುಡುಗನಾಗಿದ್ದಾಗ ಕೆರೆ ಕೋಡಿ ಬಿದ್ದ ರಾತ್ರಿಯ ಕಥೆ ಅದು. ಅಪ್ಪ ಲಾಟೀನು ಹಿಡಿದು ಹೊರಟದ್ದು, ಇವರು ಹಿಂದೆ ಓಡಿದ್ದು, ಏರಿಯ ಮೇಲೆ ಊರ ಗಂಡಸರೆಲ್ಲ ಮಾತಿಲ್ಲದೆ ನಿಂತದ್ದು, ಬೆಳಗಾದ ಮೇಲೆ ಹೆಂಗಸರು ಮೊರದಲ್ಲಿ ಬಾಗಿನ ತಂದದ್ದು. ಒಂದೂವರೆ ಪುಟವಾಯಿತು. ನಾನು ಎಷ್ಟೋ ಸಾವಿರ ಪುಟ ಟೈಪ್ ಮಾಡಿದ್ದೇನೆ, ಆದರೆ ಟೈಪ್ ಮಾಡುತ್ತಲೇ ಕಣ್ಣು ತುಂಬಿದ್ದು ಆವತ್ತು ಮಾತ್ರ. ಮಾತಿನ ಓಘ ತಪ್ಪಬಾರದೆಂದು ನಡುವೆ ಸೇವ್ ಕೂಡ ಮಾಡಲಿಲ್ಲ. ತಾನಾಗಿ ಸೇವ್ ಆಗುವ ಏರ್ಪಾಡನ್ನೂ ನಾನು ಆಗ ಮಾಡಿಕೊಂಡಿರಲಿಲ್ಲ. ಹೇಳಿ ಮುಗಿಸಿ ಅವರು ಸುಸ್ತಾದರು. ಕಾಫಿ ಕುಡಿಸಿಕೊಂಡು ಬರೋಣವೆಂದು ಎದುರಿನ ಹೋಟೆಲಿಗೆ ಕರೆದುಕೊಂಡು ಹೋದೆ.

ಅಂಗಡಿಯಲ್ಲಿ ಹುಡುಗನಿದ್ದ, ಕೆಲಸಕ್ಕೆ ಸೇರಿ ಹದಿನೈದು ದಿನ. ಯಾರೋ ಅವಸರದ ಪ್ರಿಂಟೌಟ್ ಕೇಳಿಕೊಂಡು ಬಂದರು. ನನ್ನ ಕಂಪ್ಯೂಟರ್ ಮಲಗಿತ್ತು. ಅವನು ಮೌಸ್ ಅಲ್ಲಾಡಿಸಿದ, ಎರಡು ಕೀ ಒತ್ತಿದ. ಏಳಲು ಅದಕ್ಕೆ ಬೇಕಾದ ಆ ನಾಲ್ಕು ಸೆಕೆಂಡು ಅವನಿಗೆ ಬಹಳ ಉದ್ದವಾಗಿ ಕಂಡಿರಬೇಕು. ಗಿರಾಕಿ ಬೇಗ ಬೇಗ ಎನ್ನುತ್ತಿದ್ದರು. ಯಂತ್ರ ಸಿಕ್ಕಿಹಾಕಿಕೊಂಡಿದೆ ಎಂದುಕೊಂಡು ಪವರ್ ಬಟನನ್ನು ಒತ್ತಿ ಹಿಡಿದುಬಿಟ್ಟ. ಅದನ್ನು ನಾಲ್ಕು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಏನನ್ನೂ ಕೇಳದೆ ಕರೆಂಟು ಕಡಿದುಹೋಗುತ್ತದೆ. ಮಲಗಿರುವಾಗ ನಮ್ಮ ಬರಹ ಇರುವುದು ಕರೆಂಟಿನ ಆಸರೆಯಲ್ಲಿ ಉಸಿರಾಡುತ್ತಿರುವ, ರಾಮ್ (RAM) ಎಂಬ ನೆನಪಿನ ಚಿಪ್ಪಿನಲ್ಲಿ. ಆ ಒಂದೆರಡು ವ್ಯಾಟ್ ಖರ್ಚಾಗುವುದು ಅದಕ್ಕೇ. ನಾವು ರಸ್ತೆ ದಾಟಿ ಬಂದಾಗ ವಿಂಡೋಸ್ ಹೊಸದಾಗಿ ತೆರೆದುಕೊಂಡಿತ್ತು. ಹುಡುಗ ಬಾಗಿಲಿಗೇ ಬಂದು, 'ಅಕ್ಕಾ, ಹ್ಯಾಂಗ್ ಆಗಿತ್ತು, ನಾನೇ ಸರಿ ಮಾಡಿದೆ' ಎಂದ.

ಮೇಷ್ಟ್ರು ಒಂದು ಮಾತೂ ಬೇಸರದಿಂದ ಆಡಲಿಲ್ಲ. 'ಹೋಗಲಿ ಬಿಡಮ್ಮ, ಇನ್ನೊಂದು ಸಲ ಹೇಳುತ್ತೇನೆ' ಎಂದು ಕೂತರು. ಹೇಳಿದರು. ಅರ್ಧ ಪುಟ ಬಂತು. ಮಳೆ ಎಷ್ಟು ದಿನ ಹೊಯ್ಯಿತು, ಏರಿಯ ಮೇಲೆ ಎಷ್ಟು ಜನ ಇದ್ದರು, ಎಲ್ಲ ವಿವರ ಇತ್ತು. ಆದರೆ ಆ ರಾತ್ರಿ ಅದರಲ್ಲಿರಲಿಲ್ಲ. ಅದು ಅವರಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ನನಗೆ ನೆನಪಿದ್ದದ್ದು ಒಂದೇ ಸಾಲು. ಕೋಡಿಯ ನೀರಿನ ಸದ್ದು ಮನೆಯ ತನಕ ಹೇಗೆ ಕೇಳುತ್ತಿತ್ತೆಂದರೆ, ಕತ್ತಲಲ್ಲಿ ಯಾರೋ ದೊಡ್ಡ ಕಲ್ಲಿನಲ್ಲಿ ಎಡೆಬಿಡದೆ ರಾಗಿ ಬೀಸುತ್ತಿರುವ ಹಾಗೆ. ಅದನ್ನು ಟೈಪ್ ಮಾಡಿ ತೋರಿಸಿದೆ. 'ನಾನು ಹಾಗೆ ಹೇಳಿದೆನೇ?' ಎಂದು ಕೇಳಿ ಬಹಳ ಹೊತ್ತು ಅದನ್ನೇ ನೋಡಿದರು. ಪುಸ್ತಕದ ಮೂವತ್ತೊಂದನೆಯ ಪುಟದಲ್ಲಿ ಆ ಸಾಲಿದೆ. ಒಂದೂವರೆ ಪುಟದಲ್ಲಿ ಉಳಿದದ್ದು ಅಷ್ಟು. ಮೇಷ್ಟ್ರು ಈಗಿಲ್ಲ.

ಹುಡುಗನಿಗೆ ಆವತ್ತು ನಾನು ಬಾಯಿಗೆ ಬಂದ ಹಾಗೆ ಬೈದೆ. ಅದು ತಪ್ಪು ಎಂದು ರಾತ್ರಿಯೇ ಅನ್ನಿಸಿತು. ಅವನು ಆರು ತಿಂಗಳ ಕಂಪ್ಯೂಟರ್ ಕೋರ್ಸು ಮುಗಿಸಿ ಸರ್ಟಿಫಿಕೇಟು ತಂದಿದ್ದ. ಆನ್ ಮಾಡುವುದು, ಶಟ್ ಡೌನ್ ಮಾಡುವುದು, ಎರಡನ್ನೂ ಮೊದಲ ದಿನವೇ ಕಲಿಸಿದ್ದರಂತೆ. ನಡುವೆ ಅದು ಮಲಗುತ್ತದೆ, ಮಲಗಿದ್ದನ್ನು ಎಬ್ಬಿಸುವುದು ಹೀಗೆ, ಎದ್ದೇಳಲು ಅದಕ್ಕೊಂದಿಷ್ಟು ಹೊತ್ತು ಬೇಕು, ದೀಪ ನೋಡಿದರೆ ಅದರ ಸ್ಥಿತಿ ಗೊತ್ತಾಗುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಮರುದಿನ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಂಪ್ಯೂಟರನ್ನು ಹತ್ತು ಸಲ ಮಲಗಿಸಿ ಹತ್ತು ಸಲ ಅವನ ಕೈಯಲ್ಲೇ ಎಬ್ಬಿಸಿದೆ. ಕ್ಯಾಪ್ಸ್ ಲಾಕ್ ಒತ್ತಿ ಅದರ ದೀಪ ಹೊತ್ತಿ ಆರುತ್ತಿದೆಯೇ ಎಂದು ನೋಡುವುದನ್ನು ಕಲಿಸಿದೆ. ಆ ದೀಪ ಓಗೊಟ್ಟರೆ ಸಾಮಾನ್ಯವಾಗಿ ಯಂತ್ರಕ್ಕೆ ಜೀವವಿದೆ, ಪವರ್ ಬಟನ್ ಕಡೆ ಕೈ ಹೋಗಬಾರದು. ಮಲಗಿದ್ದು ಕೀಗೆ ಏಳದಿದ್ದರೂ ಪವರ್ ಬಟನನ್ನು ಒಮ್ಮೆ ಮುಟ್ಟಿ ಬಿಟ್ಟರೆ ಸಾಕು, ಹಿಡಿದುಕೊಳ್ಳಬಾರದು. ಈಗ ಅವನದೇ ಸ್ವಂತ ಅಂಗಡಿ ಇದೆ. ಅಲ್ಲಿ ಕೆಲಸಕ್ಕೆ ಸೇರುವ ಹುಡುಗರಿಗೆ ಅವನು ಕಲಿಸುವ ಮೊದಲ ಪಾಠ ಇದೇ ಎಂದು ಕೇಳಿ ಸಂತೋಷವಾಯಿತು.

ಮೌಸ್ ಬಗ್ಗೆ ಒಂದು ಮಾತು ಬಾಕಿ ಇದೆ. ಕ್ಲಿಕ್ ಮಾಡದೆ ಬರೀ ಸರಿಸಿದರೆ ಅದರಿಂದಲೂ ಕೇಡಿಲ್ಲ. ಆದರೆ ನಮ್ಮದು ರಸ್ತೆ ಬದಿಯ ಅಂಗಡಿ. ಲಗ್ನದ ದಿನಗಳಲ್ಲಿ ಕೆಲಸ ಮುಗಿಯದೆ ರಾತ್ರಿಯೂ ಕಂಪ್ಯೂಟರನ್ನು ಮಲಗಿಸಿಯೇ ಮನೆಗೆ ಹೋಗುತ್ತೇನೆ. ಬೆಳಿಗ್ಗೆ ಶಟರ್ ಎತ್ತಿದರೆ ಅದು ಎದ್ದು ಕೂತಿರುತ್ತಿತ್ತು. ಯಾರು ಎಬ್ಬಿಸಿದರೆಂದು ಎಷ್ಟೋ ದಿನ ತಲೆ ಕೆಡಿಸಿಕೊಂಡೆ. ಒಂದು ರಾತ್ರಿ ತಡವಾಗಿ ಬಾಗಿಲು ಹಾಕುವಾಗ ತೆಂಗಿನಕಾಯಿ ತುಂಬಿದ ಲಾರಿ ಹೋಯಿತು, ಮೇಜು ಅದುರಿತು, ಕೂದಲೆಳೆಯಷ್ಟು ಸರಿದ ಮೌಸಿನ ಕೆಂಪು ಕಣ್ಣಿಗೆ ಅದು ಗೊತ್ತಾಯಿತು, ಪರದೆ ಬೆಳಗಿತು. ಕಂಪ್ಯೂಟರಿನ ಸಾಧನಗಳ ಪಟ್ಟಿ ಇರುವ ಡಿವೈಸ್ ಮ್ಯಾನೇಜರಿನಲ್ಲಿ ಮೌಸಿನ ಹೆಸರು ಹುಡುಕಿ, ಪವರ್ ಮ್ಯಾನೇಜ್‌ಮೆಂಟ್ ಎಂಬ ಕಡೆ ಕಂಪ್ಯೂಟರನ್ನು ಎಬ್ಬಿಸಲು ಅದಕ್ಕಿರುವ ಅನುಮತಿಯ ಗುರುತನ್ನು ತೆಗೆದುಹಾಕಿದೆ. ಕೀಬೋರ್ಡಿಗೆ ಮಾತ್ರ ಆ ಅನುಮತಿ ಉಳಿಸಿದೆ. ಅಂದಿನಿಂದ ಲಾರಿಗಳು ತಮ್ಮ ಪಾಡಿಗೆ ತಾವು ಹೋಗುತ್ತಿವೆ. ಮುಖ್ಯರಸ್ತೆಯ ಬದಿಯಲ್ಲಿ, ರೈಲು ಹಳಿಯ ಹತ್ತಿರ ಕಚೇರಿ ಇಟ್ಟುಕೊಂಡವರು ಇದನ್ನು ಮಾಡಿ ನೋಡಬಹುದು.

ಇನ್ನು ನನ್ನ ಕೋರಿಕೆ. ನಮ್ಮ ರಾಜ್ಯದಲ್ಲಿ ಸರ್ಕಾರಿ ನೌಕರರಿಗೆ 2012ರ ನಿಯಮಗಳ ಪ್ರಕಾರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಇದೆ. ಅದಕ್ಕೆ ತರಬೇತಿ ಕೊಡುವವರು, ಊರೂರಿನ ಕಂಪ್ಯೂಟರ್ ಶಿಕ್ಷಣ ಸಂಸ್ಥೆಯವರು, ಶಾಲೆಗಳಲ್ಲಿ ಮಕ್ಕಳಿಗೆ ಕಲಿಸುವ ಶಿಕ್ಷಕರು ಮೊದಲ ದಿನದ ಪಾಠದಲ್ಲಿ ಕಾಲು ಗಂಟೆಯನ್ನು ಇದಕ್ಕೆಂದು ಇಡಬೇಕು. ಮಲಗಿದ್ದಕ್ಕೂ ಆರಿದ್ದಕ್ಕೂ ಇರುವ ವ್ಯತ್ಯಾಸವನ್ನು ದೀಪ ತೋರಿಸಿ ಹೇಳಬೇಕು. ಶಿಫ್ಟ್ ಒತ್ತಿ ಕೈ ತೆಗೆದು ಕಾಯುವುದನ್ನು ಮಾಡಿಸಿಯೇ ಕಲಿಸಬೇಕು. ಬಾಯಲ್ಲಿ ಹೇಳಿದರೆ ಸಾಲದು, ಬೆರಳಿಗೆ ರೂಢಿಯಾಗಬೇಕು. ಹಲವರು ಒಂದೇ ಕಂಪ್ಯೂಟರ್ ಬಳಸುವ ಕಡೆ ಇದು ಇನ್ನೂ ಮುಖ್ಯ, ಏಕೆಂದರೆ ಅಲ್ಲಿ ಮಲಗಿರುವುದು ಬೇರೊಬ್ಬರು ಅರ್ಧಕ್ಕೆ ಬಿಟ್ಟುಹೋದ ಕೆಲಸ.

ಸಂಪಾದಕರಲ್ಲಿ ಇನ್ನೊಂದು ವಿನಂತಿ. ಈ ಪತ್ರವನ್ನು ಪ್ರಕಟಿಸುವಾಗ ಶಿಫ್ಟ್ ಕೀಯ ಚಿತ್ರವನ್ನೂ ಸಣ್ಣದಾಗಿ ಪಕ್ಕದಲ್ಲಿ ಹಾಕಿ, ಮೇಲಕ್ಕೆ ಮುಖ ಮಾಡಿದ ಬಾಣದ ಗುರುತು ಕಾಣುವಂತೆ. ನನ್ನ ಅಂಗಡಿಯ ಎರಡೂ ಪರದೆಗಳ ಕೆಳಗೆ ನಾನು ಅಂಥದೇ ಚೀಟಿ ಅಂಟಿಸಿದ್ದೇನೆ. ಅದರ ಕೆಳಗೆ 'ಒಂದು ಸಲ ಒತ್ತಿ, ಕಾಯಿರಿ' ಎಂದು ಬರೆದಿದ್ದೇನೆ. ಬೇಕಾದವರು ಪತ್ರಿಕೆಯಿಂದ ಕತ್ತರಿಸಿ ತಮ್ಮ ಕಚೇರಿಯಲ್ಲೂ ಅಂಟಿಸಿಕೊಳ್ಳಲಿ.

ಇತಿ,
ಡಿಟಿಪಿ ಅಂಗಡಿಯ ಒಬ್ಬ ಓದುಗಿ
ತಿಪಟೂರು